ವಿದೇಶದಲ್ಲಿ ಕಂಪನಿ ಕೊಟ್ಟ ಲಂಚ: ಬೆಂಗಳೂರಿನಿಂದ ದೂರು ಕೊಟ್ಟರೆ ನನ್ನನ್ನು ಕಾಪಾಡುವವರು ಯಾರು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿಯ ಅಂಗಸಂಸ್ಥೆಯಲ್ಲಿ, ಫೈನಾನ್ಸ್ ವಿಭಾಗದಲ್ಲಿದ್ದೇನೆ. ಆ ಕಂಪನಿಯ ಷೇರು ನ್ಯೂಯಾರ್ಕ್‌ನಲ್ಲಿ ವಹಿವಾಟಾಗುತ್ತದೆ. ಆಫ್ರಿಕಾ ಮತ್ತು ಗಲ್ಫ್ ಶಾಖೆಗಳ ಬಿಲ್‌ಗಳನ್ನು ಪಾಸ್ ಮಾಡುವುದು ನಮ್ಮ ತಂಡದ ಕೆಲಸ. ಒಂದು ದೇಶದಲ್ಲಿ ಸರ್ಕಾರಿ ಟೆಂಡರ್ ಸಿಕ್ಕಾಗಲೆಲ್ಲ ಒಬ್ಬ 'ಕನ್ಸಲ್ಟೆಂಟ್'ಗೆ ದೊಡ್ಡ ಮೊತ್ತ ಹೋಗುತ್ತಿದೆ. ಆತ ಏನು ಕೆಲಸ ಮಾಡಿದ ಎನ್ನುವುದಕ್ಕೆ ಒಂದು ಕಾಗದವೂ ಇಲ್ಲ. ಹಣ ಹೋಗುವುದು ಮೂರನೇ ಯಾವುದೋ ದೇಶದ ಬ್ಯಾಂಕ್ ಖಾತೆಗೆ. ಮ್ಯಾನೇಜರ್‌ಗೆ ಹೇಳಿದೆ. 'ಸುಮ್ನೆ ಪಾಸ್ ಮಾಡಿ, ಅದು ಮೇಲಿನವರ ವಿಷಯ' ಎಂದರು. ದೂರು ಕೊಟ್ಟರೆ ಕಾನೂನು ನನ್ನನ್ನು ಕಾಪಾಡುತ್ತದಾ? ಅಮೆರಿಕದಲ್ಲಿ ಬಹುಮಾನ ಕೊಡುತ್ತಾರೆ ಎನ್ನುತ್ತಾರೆ, ಅದು ನಿಜವಾ? ಮನೆ ಸಾಲ ಇದೆ, ಇಬ್ಬರು ಮಕ್ಕಳಿದ್ದಾರೆ.
— ಹೆಸರು ಬೇಡ, ಬೆಂಗಳೂರು

ಉತ್ತರ:

ಬಹುಮಾನದ ಮಾತು ನಿಜ. ಭಾರತದಲ್ಲೇ ಕೂತು ದೂರು ಕೊಟ್ಟವರಿಗೂ ಅದು ಸಿಗಬಹುದು. ಆದರೆ ದೂರು ಕೊಟ್ಟಿದ್ದಕ್ಕೆ ನಿಮ್ಮ ಕೆಲಸ ಹೋದರೆ, ಅದನ್ನು ವಾಪಸ್ ಕೊಡಿಸುವ ಶಕ್ತಿ ಆ ಅಮೆರಿಕದ ಕಾನೂನಿಗೆ ಬೆಂಗಳೂರಿನಲ್ಲಿ ಇಲ್ಲ. ನಮ್ಮ ದೇಶದ ಕಾನೂನಿಗೂ ಹೆಚ್ಚುಕಡಿಮೆ ಇಲ್ಲ. ಬಹುಮಾನ ಇದೆ ಅಂದಮೇಲೆ ರಕ್ಷಣೆಯೂ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಅವೆರಡೂ ಬೇರೆ ಬೇರೆ. ನಿಮ್ಮ ಪರಿಸ್ಥಿತಿಯಲ್ಲಿ ನಿಜವಾದ ರಕ್ಷಣೆ ಎಂದರೆ ನಿಮ್ಮ ಹೆಸರು ಹೊರಗೆ ಬಾರದಂತೆ ನೋಡಿಕೊಳ್ಳುವುದು, ಮತ್ತು ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂದು ತಿಳಿದು ಇಡುವುದು.

ನೀವು ನೋಡುತ್ತಿರುವುದು ಅಪರಾಧವೇ ಎಂಬ ಅನುಮಾನ ನಿಮಗಿರಬಹುದು. ನಿಮ್ಮ ಪತ್ರ ಓದಿ ಅದು ಲಂಚವೇ ಎಂದು ನಾನು ತೀರ್ಪು ಕೊಡಲಾರೆ. ಆದರೆ ಕೆಲಸದ ದಾಖಲೆ ಇಲ್ಲದ ಏಜೆಂಟ್, ಟೆಂಡರ್ ಜೊತೆಜೊತೆಗೇ ಹೋಗುವ ಹಣ, ಮೂರನೇ ದೇಶದ ಖಾತೆ, ಈ ಮೂರೂ ಒಟ್ಟಿಗೆ ಕಂಡರೆ ಯಾವ ತನಿಖಾಧಿಕಾರಿಯಾದರೂ ಅಲ್ಲೇ ನಿಲ್ಲುತ್ತಾರೆ. ಅಮೆರಿಕದಲ್ಲಿ ಇದಕ್ಕಾಗಿಯೇ 1977ರಲ್ಲಿ ಒಂದು ಕಾಯ್ದೆ ಬಂತು. ಎಫ್‌ಸಿಪಿಎ ಎಂದು ಕರೆಯುತ್ತಾರೆ. ಲಾಕ್‌ಹೀಡ್ ವಿಮಾನ ಕಂಪನಿ ಹಲವು ದೇಶಗಳಲ್ಲಿ ಲಂಚ ಹಂಚಿದ್ದು ಹೊರಬಂದು, ಜಪಾನಿನ ಮಾಜಿ ಪ್ರಧಾನಿ ತನಾಕಾ 1976ರಲ್ಲಿ ಬಂಧನಕ್ಕೊಳಗಾದ ನಂತರ ಹುಟ್ಟಿದ ಕಾಯ್ದೆ ಅದು. ಬೇರೆ ದೇಶದ ಸರ್ಕಾರಿ ಅಧಿಕಾರಿಗೆ ಲಂಚ ಕೊಡುವುದು ಅಪರಾಧ ಎನ್ನುವುದು ಅದರ ಒಂದು ಭಾಗ. ನಿಮಗೆ ಜಾಸ್ತಿ ಸಂಬಂಧಪಡುವುದು ಇನ್ನೊಂದು ಭಾಗ. ಷೇರುಪೇಟೆಯಲ್ಲಿರುವ ಕಂಪನಿ ತನ್ನ ಲೆಕ್ಕಪುಸ್ತಕವನ್ನು ಸರಿಯಾಗಿ ಇಡಬೇಕು. ಲಂಚವನ್ನು 'ಕನ್ಸಲ್ಟಿಂಗ್ ಫೀ' ಎಂದು ಬರೆದರೆ ಅದೇ ಒಂದು ಪ್ರತ್ಯೇಕ ಉಲ್ಲಂಘನೆ. ಹಣ ಕೊನೆಗೆ ಯಾವ ಮಂತ್ರಿಯ ಕೈ ಸೇರಿತು ಎಂದು ನೀವು ತೋರಿಸಬೇಕಿಲ್ಲ. ಸುಳ್ಳು ಎಂಟ್ರಿ ಎಲ್ಲಿದೆ ಎಂದು ತೋರಿಸಿದರೂ ತನಿಖೆಗೆ ದಾರಿ ಸಿಗುತ್ತದೆ. ಫೈನಾನ್ಸ್‌ನಲ್ಲಿ ಕೂತವರ ಮಾಹಿತಿಗೆ ಅಷ್ಟು ಬೆಲೆ ಇರುವುದು ಇದಕ್ಕೇ.

ಈ ಕಾಯ್ದೆ ನಮಗೆ ದೂರದ್ದೂ ಅಲ್ಲ. ಚೆನ್ನೈನಲ್ಲಿ ಕ್ಯಾಂಪಸ್ ಕಟ್ಟಲು ಪರವಾನಗಿ ಪಡೆಯುವುದಕ್ಕೆ ಸುಮಾರು 20 ಲಕ್ಷ ಡಾಲರ್ ಲಂಚ ಹೋಗಿದೆ ಎಂಬ ಪ್ರಕರಣದಲ್ಲಿ ಕಾಗ್ನಿಜೆಂಟ್ 2019ರಲ್ಲಿ ಸುಮಾರು 2.5 ಕೋಟಿ ಡಾಲರ್ ಕಟ್ಟಿತು. 2024ರ ಅಕ್ಟೋಬರ್‌ನಲ್ಲಿ ಮೂಗ್ ಎಂಬ ಅಮೆರಿಕದ ಕಂಪನಿ ದಂಡ, ಲಾಭದ ವಾಪಸಾತಿ ಎಲ್ಲ ಸೇರಿ ಸುಮಾರು 17 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅದರ ಭಾರತದ ಅಂಗಸಂಸ್ಥೆಯ ನೌಕರರು ನಮ್ಮ ಎಚ್‌ಎಎಲ್ ಮತ್ತು ರೈಲ್ವೆಯ ಗುತ್ತಿಗೆ ಹಿಡಿಯಲು ಲಂಚ ಕೊಟ್ಟಿದ್ದರು ಎನ್ನುವುದು ಆರೋಪ. ಅಂಗಸಂಸ್ಥೆ ಎಲ್ಲೇ ಇರಲಿ, ಅದರ ಲೆಕ್ಕ ಕೊನೆಗೆ ತಾಯಿ ಕಂಪನಿಯ ಪುಸ್ತಕಕ್ಕೇ ಸೇರುತ್ತದೆ. ಅಲ್ಲೇ ಅವರು ಸಿಕ್ಕಿಬೀಳುವುದು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. 2008ರ ಆರ್ಥಿಕ ಕುಸಿತದ ನಂತರ, 2010ರಲ್ಲಿ, ಅಮೆರಿಕ ಡಾಡ್-ಫ್ರಾಂಕ್ ಎಂಬ ಕಾಯ್ದೆ ಮಾಡಿತು. ಅದರಲ್ಲಿ ವಿಷಲ್‌ಬ್ಲೋವರ್‌ಗಳಿಗೆ, ಅಂದರೆ ಸಂಸ್ಥೆಯೊಳಗಿನ ಅಕ್ರಮವನ್ನು ತಿಳಿಸುವವರಿಗೆ, ಎರಡು ಭರವಸೆಗಳಿವೆ. ಒಂದು, ನೀವು ಎಸ್‌ಇಸಿಗೆ, ಅಂದರೆ ನಮ್ಮ ಸೆಬಿಯಂತೆ ಷೇರುಪೇಟೆಯನ್ನು ನಿಯಂತ್ರಿಸುವ ಅಲ್ಲಿನ ಸಂಸ್ಥೆಗೆ, ಹೊಸ ಮಾಹಿತಿ ಕೊಟ್ಟು, ಅದರಿಂದ 10 ಲಕ್ಷ ಡಾಲರ್‌ಗಿಂತ ಹೆಚ್ಚು ದಂಡ ವಸೂಲಾದರೆ, ಅದರಲ್ಲಿ ಶೇ 10ರಿಂದ ಶೇ 30ರವರೆಗೆ ನಿಮಗೆ. ಎರಡು, ದೂರು ಕೊಟ್ಟಿದ್ದಕ್ಕೆ ಕಂಪನಿ ನಿಮ್ಮನ್ನು ತೆಗೆದರೆ ಕೋರ್ಟ್‌ಗೆ ಹೋಗಿ ಕೆಲಸ ವಾಪಸ್ ಕೇಳಬಹುದು, ಬಾಕಿ ಸಂಬಳದ ಎರಡು ಪಟ್ಟು ಕೇಳಬಹುದು.

ಓದಿದರೆ ಎರಡೂ ಎಲ್ಲರಿಗೂ ಎಂದೇ ಅನ್ನಿಸುತ್ತದೆ. 2014ರಲ್ಲಿ ಒಂದರ ಹಿಂದೆ ಒಂದು ಬಂದ ಎರಡು ತೀರ್ಮಾನಗಳು ಹಾಗಲ್ಲ ಎಂದು ತೋರಿಸಿದವು.

ತೈವಾನಿನ ಲಿಯು ಮೆಂಗ್-ಲಿನ್ ಎಂಬುವರು ಸೀಮೆನ್ಸ್ ಕಂಪನಿಯ ಚೀನಾ ಶಾಖೆಯಲ್ಲಿ ಕಂಪ್ಲಯನ್ಸ್ ಅಧಿಕಾರಿ, ಅಂದರೆ ಕಾನೂನು ಪಾಲನೆ ನೋಡಿಕೊಳ್ಳುವವರು. ಚೀನಾ ಮತ್ತು ಉತ್ತರ ಕೊರಿಯಾಕ್ಕೆ ವೈದ್ಯಕೀಯ ಉಪಕರಣ ಮಾರುವುದರಲ್ಲಿ ಲಂಚ ಓಡಾಡುತ್ತಿದೆ ಎಂದು ಅವರು ಕಂಪನಿಯೊಳಗೆ ಹೇಳಿದರು. ಸೀಮೆನ್ಸ್ ಆಗಲೇ 2008ರಲ್ಲಿ ಇದೇ ತರದ ಲಂಚಕ್ಕೆ ಅಮೆರಿಕ ಮತ್ತು ಜರ್ಮನಿಗೆ ಒಟ್ಟು ಸುಮಾರು 160 ಕೋಟಿ ಡಾಲರ್ ಕಟ್ಟಿದ್ದ ಕಂಪನಿ. ಆದರೂ ಲಿಯು ಅವರ ಅಧಿಕಾರ ಕಿತ್ತುಕೊಂಡರು, ಕೊನೆಗೆ ಕೆಲಸದಿಂದ ತೆಗೆದರು. ಅವರು ನ್ಯೂಯಾರ್ಕ್‌ನಲ್ಲಿ ದಾವೆ ಹಾಕಿದರು. 2014ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ದಾವೆಯನ್ನು ತಳ್ಳಿಹಾಕಿತು. ಕೆಲಸಗಾರ ತೈವಾನಿನವರು, ಕೆಲಸ ಚೀನಾದಲ್ಲಿ, ಕಂಪನಿ ಜರ್ಮನಿಯದು, ಆರೋಪದ ಘಟನೆಗಳೆಲ್ಲ ಏಷ್ಯಾದಲ್ಲಿ. ಕಂಪನಿಯ ಷೇರು ನ್ಯೂಯಾರ್ಕ್‌ನಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಮೆರಿಕದ ರಕ್ಷಣೆ ಅಲ್ಲಿಯವರೆಗೆ ಚಾಚುವುದಿಲ್ಲ ಎಂದಿತು.

ಅದಾಗಿ ಒಂದು ತಿಂಗಳ ಮೇಲೆ ಕೆಲವು ದಿನ ಕಳೆದಿತ್ತು ಅಷ್ಟೆ. 2014ರ ಸೆಪ್ಟೆಂಬರ್‌ನಲ್ಲಿ ಎಸ್‌ಇಸಿ ಅಲ್ಲಿಯವರೆಗಿನ ತನ್ನ ಅತಿ ದೊಡ್ಡ ಬಹುಮಾನ ಪ್ರಕಟಿಸಿತು. 3 ಕೋಟಿ ಡಾಲರ್‌ಗೂ ಹೆಚ್ಚು. ಅದು ಹೋದದ್ದು ಅಮೆರಿಕದ ಹೊರಗೆ ವಾಸವಿದ್ದ ಒಬ್ಬರಿಗೆ. ವಿದೇಶದಲ್ಲಿದ್ದರೂ ಬಹುಮಾನ ಸಿಗುತ್ತದೆ, ಯಾಕೆಂದರೆ ಆ ಮಾಹಿತಿ ಬಳಕೆಯಾಗುವುದು ಅಮೆರಿಕದ ತನಿಖೆಯಲ್ಲಿ ಎಂಬುದು ಎಸ್‌ಇಸಿಯ ವಾದ. ಅಂದರೆ ಬಹುಮಾನಕ್ಕೆ ಗಡಿ ಇಲ್ಲ, ಕೆಲಸದ ರಕ್ಷಣೆಗೆ ಇದೆ. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬೆಂಗಳೂರಿನ ಉದ್ಯೋಗಿ ಕೊಟ್ಟ ಮಾಹಿತಿ ಬೇಕು, ಅದರಿಂದ ಬಂದ ದಂಡ ಬೇಕು, ಆದರೆ ಆ ಉದ್ಯೋಗಿಯ ಸಂಬಳ ನಿಂತರೆ ಅದು ನಮ್ಮ ವ್ಯಾಪ್ತಿಯಲ್ಲ ಎನ್ನುವುದು ಸರಿಯಲ್ಲ, ಅಲ್ವಾ? ಆದರೆ ಇವತ್ತಿನ ಕಾನೂನು ಹೀಗಿದೆ. ನೀವು ಹೆಜ್ಜೆ ಇಡಬೇಕಾದ್ದು ಇದನ್ನು ಒಪ್ಪಿಕೊಂಡೇ.

ಸಾರ್ಬೇನ್ಸ್-ಆಕ್ಸ್‌ಲಿ ಎಂಬ 2002ರ ಕಾಯ್ದೆಯಲ್ಲೂ ರಕ್ಷಣೆ ಇದೆ. ಅದೂ ಹೊರದೇಶದ ಉದ್ಯೋಗಿಗೆ ಅನ್ವಯಿಸುವುದಿಲ್ಲ ಎಂದು ಅರ್ಜೆಂಟೀನಾದ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ 2006ರಲ್ಲೇ ತೀರ್ಪು ಬಂದಿದೆ.

ಇನ್ನೊಂದು ತೀರ್ಪು ನಿಮಗೆ ಗೊತ್ತಿರಲೇಬೇಕು. 2018ರಲ್ಲಿ ಡಿಜಿಟಲ್ ರಿಯಾಲ್ಟಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಡಾಡ್-ಫ್ರಾಂಕ್ ರಕ್ಷಣೆ ಬೇಕಾದರೆ ಎಸ್‌ಇಸಿಗೆ ದೂರು ಕೊಟ್ಟಿರಲೇಬೇಕು ಎಂದಿತು. ಕಂಪನಿಯೊಳಗೆ ಮಾತ್ರ ಹೇಳಿದವರು ಆ ಕಾಯ್ದೆಯ ಲೆಕ್ಕದಲ್ಲಿ ವಿಷಲ್‌ಬ್ಲೋವರ್ ಅಲ್ಲವೇ ಅಲ್ಲ. ಈ ತೀರ್ಪು ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ನಮ್ಮ ಕನ್ನಡಿಗರಿಗೂ ಮುಖ್ಯ. ಅಲ್ಲಿ ಕೂತು ಕೆಲಸ ಮಾಡುವವರಿಗೆ ಎರಡೂ ಕಾಯ್ದೆಗಳ ರಕ್ಷಣೆ ಸಿಗುತ್ತದೆ, ಎಚ್-1ಬಿ ವೀಸಾದಲ್ಲಿದ್ದರೂ. ಆದರೆ ಕೆಲಸ ಹೋದರೆ ವೀಸಾ ಉಳಿಸಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಸಾರ್ಬೇನ್ಸ್-ಆಕ್ಸ್‌ಲಿ ಪ್ರಕಾರ ಕಾರ್ಮಿಕ ಇಲಾಖೆಗೆ ದೂರು ಕೊಡಲು ಇರುವುದು 180 ದಿನ. ಕೇಸ್ ಮುಗಿಯಲು ವರ್ಷಗಳೇ ಬೇಕು. ಗೆಲ್ಲುವ ಹೊತ್ತಿಗೆ ಮನುಷ್ಯ ಊರಿಗೆ ವಾಪಸಾಗಿರುತ್ತಾನೆ. ನಿಮ್ಮ ಸ್ನೇಹಿತರು ಯಾರಾದರೂ ಅಲ್ಲಿ ಇಂಥ ಇಕ್ಕಟ್ಟಿನಲ್ಲಿದ್ದರೆ, ವಲಸೆ ವಕೀಲರನ್ನೂ ಜೊತೆಯಲ್ಲೇ ಕಾಣಲು ಹೇಳಿ.

ಬಹುಮಾನದ ಬಗ್ಗೆ ಸುದ್ದಿ ಓದಿ ಯಾರಿಗಾದರೂ ಕಣ್ಣು ಅರಳುತ್ತದೆ. ಎಸ್‌ಇಸಿ ಇಲ್ಲಿಯವರೆಗೆ 200 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ಹಂಚಿದೆ. 2023ರ ಮೇ ತಿಂಗಳಲ್ಲಿ ಒಬ್ಬರಿಗೇ ಸುಮಾರು 27.9 ಕೋಟಿ ಡಾಲರ್ ಕೊಟ್ಟಿತು. ಯಾವ ಕಂಪನಿಯ ಪ್ರಕರಣ ಎಂದು ಎಸ್‌ಇಸಿ ಹೇಳಲಿಲ್ಲ. ಅದು ಎರಿಕ್ಸನ್ ಎಂದು ಪತ್ರಿಕೆಗಳು ಬರೆದವು. ಜಿಬೂಟಿ, ಚೀನಾ, ವಿಯೆಟ್ನಾಂ ಮುಂತಾದ ಕಡೆ ಲಂಚ ಕೊಟ್ಟಿದ್ದಕ್ಕೆ ಎರಿಕ್ಸನ್ 2019ರಲ್ಲಿ 100 ಕೋಟಿ ಡಾಲರ್‌ಗೂ ಜಾಸ್ತಿ ಕಟ್ಟಿತ್ತು. ಇದರಲ್ಲಿ ನೀವು ಗಮನಿಸಬೇಕಾದ್ದು ಮೊತ್ತವನ್ನಲ್ಲ, ಕಾಲವನ್ನು. ಕಂಪನಿ ದಂಡ ಕಟ್ಟಿದ್ದು 2019ರಲ್ಲಿ, ಬಹುಮಾನ ಬಂದದ್ದು 2023ರಲ್ಲಿ. ತನಿಖೆಯ ವರ್ಷಗಳು ಅದಕ್ಕೂ ಮೊದಲಿನವು. ಬಹುಪಾಲು ದೂರುಗಳು ಅಷ್ಟು ದೂರ ಹೋಗುವುದೇ ಇಲ್ಲ. ಮನೆ ಸಾಲದ ಕಂತಿಗೆ ಈ ಹಣವನ್ನು ನಂಬಿ ಕೂರಬೇಡಿ. ಬಹುಮಾನ ತಾನಾಗಿ ಬರುವುದೂ ಇಲ್ಲ. ದಂಡ ವಸೂಲಾದ ಮೇಲೆ ಎಸ್‌ಇಸಿ ತನ್ನ ತಾಣದಲ್ಲಿ ಒಂದು ಪ್ರಕಟಣೆ ಹಾಕುತ್ತದೆ. ಅಲ್ಲಿಂದ 90 ದಿನದೊಳಗೆ ಅರ್ಜಿ ಹಾಕಬೇಕು. ತಪ್ಪಿದರೆ ಹೋಯಿತು.

ಯಾರಿಗೆ ಬಹುಮಾನ ಇಲ್ಲ ಎನ್ನುವುದನ್ನೂ ಹೇಳಬೇಕು. ನೀವು ಇಂಟರ್ನಲ್ ಆಡಿಟ್ ಅಥವಾ ಕಂಪ್ಲಯನ್ಸ್ ವಿಭಾಗದವರಾಗಿದ್ದರೆ ನಿಯಮ ಬಿಗಿ. ಸಾಮಾನ್ಯವಾಗಿ ಮೊದಲು ಒಳಗೆ ತಿಳಿಸಿ 120 ದಿನ ಕಾಯಬೇಕಾಗುತ್ತದೆ. ಬಿಲ್ ಪಾಸ್ ಮಾಡುವ ವಿಭಾಗಕ್ಕೆ ಆ ತಡೆ ಇಲ್ಲ. ಆದರೂ ನಿಮ್ಮ ಹುದ್ದೆಯ ವಿವರದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿಕೊಳ್ಳಿ. ವಿದೇಶಿ ಸರ್ಕಾರದ ನೌಕರರಿಗೆ, ಸರ್ಕಾರಿ ಸ್ವಾಮ್ಯದ ಸಂಸ್ಥೆಯವರಿಗೂ ಸೇರಿ, ಬಹುಮಾನ ಇಲ್ಲ. ಹಾಗಾಗಿ ನಮ್ಮ ಸಾರ್ವಜನಿಕ ಉದ್ದಿಮೆಯೊಂದರ ಉದ್ಯೋಗಿ ಇದೇ ಮಾಹಿತಿ ಕೊಟ್ಟರೆ ಅವರಿಗೆ ಹಣ ಬಾರದು.

ಇನ್ನು ನಿಮ್ಮದೇ ಹೊಣೆ. ಇದನ್ನು ನೀವು ಕೇಳಿಲ್ಲ, ಆದರೆ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ್ದು ಇದೇ. ಇಲ್ಲಿಯವರೆಗೆ ಅನುಮಾನ ಇಲ್ಲದೆ ಪಾಸ್ ಮಾಡಿದ್ದು ಬೇರೆ. ಲಂಚ ಎಂದು ಮನಸ್ಸಿಗೆ ಬಂದಮೇಲೂ ಪಾಸ್ ಮಾಡುತ್ತಾ ಹೋದರೆ, ನಾಳೆ ತನಿಖೆಯಲ್ಲಿ ನಿಮ್ಮ ಲಾಗಿನ್‌ನಿಂದ ಹೋದ ಪ್ರತಿಯೊಂದು ಅಪ್ರೂವಲ್ ಎದ್ದು ಕಾಣುತ್ತದೆ. 'ಮೇಲಿನವರು ಹೇಳಿದರು' ಎನ್ನುವುದು ಆಗ ಸಾಕಾಗುವುದಿಲ್ಲ. ಹಾಗೆಂದು ಲಂಚ ಲಂಚ ಎಂದು ಕೂಗಬೇಕಿಲ್ಲ. ಒಬ್ಬ ಒಳ್ಳೆಯ ಅಕೌಂಟೆಂಟ್ ಯಾವ ಬಿಲ್‌ಗಾದರೂ ಕೇಳುವ ಪ್ರಶ್ನೆಗಳನ್ನು ಆಫೀಸ್ ಮೇಲ್‌ನಲ್ಲೇ ಕೇಳಿ. ಈ ಕನ್ಸಲ್ಟೆಂಟ್ ಜೊತೆಗಿನ ಒಪ್ಪಂದದ ಪ್ರತಿ ಎಲ್ಲಿ? ಕೆಲಸ ಮುಗಿದಿದ್ದಕ್ಕೆ ವರದಿ ಇದೆಯಾ? ಖಾತೆ ಬೇರೆ ದೇಶದಲ್ಲಿ ಯಾಕಿದೆ? ಉತ್ತರ ಬರುವವರೆಗೆ ಬಿಲ್ ತಡೆದಿಡಿ. ಇದರಲ್ಲಿ ಯಾರ ಮೇಲೂ ಆರೋಪ ಇಲ್ಲ, ನಿಮ್ಮ ಕೆಲಸವನ್ನು ನೀವು ಮಾಡುತ್ತಿದ್ದೀರಿ ಅಷ್ಟೆ. ಬರುವ ಉತ್ತರ, ಅಥವಾ ಬಾರದ ಉತ್ತರ, ತಾನಾಗಿಯೇ ದಾಖಲೆಯಾಗುತ್ತದೆ. ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಮಾತ್ರ ನಂಬಿಕೊಳ್ಳಬೇಡಿ. ನಾಳೆ ಅವರು ಅಂಥ ಮಾತೇ ಆಗಿಲ್ಲ ಎಂದರೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಭಾರತದ ಕಾನೂನು ಏನು ಹೇಳುತ್ತದೆ? ಇದನ್ನು ಬರೆಯುವಾಗ ನನಗೆ ಬೇಸರವಾಗುತ್ತದೆ. ಸುವರ್ಣ ಚತುಷ್ಪಥ ಹೆದ್ದಾರಿಯ ಕಾಮಗಾರಿಯಲ್ಲಿ ಅಕ್ರಮ ನಡೆಯುತ್ತಿದೆ ಎಂದು ಪ್ರಧಾನಿ ಕಚೇರಿಗೆ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ, 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದರು. ತನ್ನ ಹೆಸರು ಗುಟ್ಟಾಗಿಡಿ ಎಂದು ಅವರು ಕೇಳಿಕೊಂಡಿದ್ದರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. ನಮ್ಮ ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ಮೇಲೆ ಕ್ರಮಕ್ಕೆ ಹೋದ ಅವರನ್ನು 2005ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಂದರು. ದುಬೆ ಅವರ ಕೊಲೆಯ ನಂತರ ಕೇಂದ್ರ ಸರ್ಕಾರ 2004ರಲ್ಲಿ ಒಂದು ನಿರ್ಣಯ ಹೊರಡಿಸಿ, ಗುಪ್ತವಾಗಿ ದೂರು ಪಡೆಯುವ ಅಧಿಕಾರವನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕೊಟ್ಟಿತು. ಹತ್ತು ವರ್ಷದ ಮೇಲೆ, 2014ರಲ್ಲಿ, ವಿಷಲ್‌ಬ್ಲೋವರ್ ರಕ್ಷಣಾ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಯ ಅಧಿಸೂಚನೆ ಮಾತ್ರ ಬರಲಿಲ್ಲ. ಬಂದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರದ ದೂರುಗಳಿಗೆ ಸೀಮಿತ. ಖಾಸಗಿ ಕಂಪನಿ ಹೊರದೇಶದಲ್ಲಿ ಕೊಟ್ಟ ಲಂಚ ಅದರಡಿ ಬರುವುದೇ ಇಲ್ಲ.

ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧ ಮಾಡುವ ಮಸೂದೆ 2011ರಲ್ಲಿ ಬಂದು ಬಿದ್ದುಹೋಯಿತು. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿ, ಲಂಚ ಕೊಡುವವರೂ, ಕೊಡುವ ಕಂಪನಿಯೂ ನೇರವಾಗಿ ಅಪರಾಧಿಗಳು ಎಂದಾಯಿತು. ಒಳ್ಳೆಯದೇ. ಆದರೆ ಅಲ್ಲಿ ಲಂಚ ಪಡೆಯುವವರು ಎಂದರೆ ನಮ್ಮ ದೇಶದ ಸರ್ಕಾರಿ ನೌಕರರು. ನೀವು ಹೇಳಿದ ದೇಶದ ಅಧಿಕಾರಿ ಆ ಅರ್ಥದೊಳಗೆ ಬರುವುದಿಲ್ಲ. ಅದೇ ಕನ್ಸಲ್ಟೆಂಟ್ ಮೂಲಕ ಇಲ್ಲಿನ ಅಧಿಕಾರಿಗೂ ಹಣ ಹೋಗಿದೆ ಎಂದು ಗೊತ್ತಾದರೆ ಆಗ ವಿಷಯ ಬೇರೆ. ಕೇಂದ್ರದ ಅಧಿಕಾರಿಯಾದರೆ ಸಿಬಿಐ, ರಾಜ್ಯದವರಾದರೆ ಲೋಕಾಯುಕ್ತ. ಎಸಿಬಿಯನ್ನು, ಅಂದರೆ ಭ್ರಷ್ಟಾಚಾರ ನಿಗ್ರಹ ದಳವನ್ನು, 2022ರಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಕರ್ನಾಟಕದಲ್ಲಿ ಆ ಅಧಿಕಾರ ಲೋಕಾಯುಕ್ತ ಪೊಲೀಸರಿಗೇ ಮರಳಿದೆ.

2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ನೋಡಿ ಹಲವರು ಧೈರ್ಯ ತಂದುಕೊಳ್ಳುತ್ತಾರೆ. ದೂರು ಕೊಡಲು ವ್ಯವಸ್ಥೆ ಇರಬೇಕು, ಕೊಟ್ಟವರಿಗೆ ಕಿರುಕುಳ ಆಗಬಾರದು, ಬೇಕಿದ್ದರೆ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ಕಾಣುವ ಅವಕಾಶ ಇರಬೇಕು ಎಂದು ಅದು ಹೇಳುತ್ತದೆ. ಆದರೆ ಈ ನಿಯಮ ಇರುವುದು ಭಾರತದ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಸಾರ್ವಜನಿಕರಿಂದ ಠೇವಣಿ ಪಡೆಯುವವಕ್ಕೆ, ಮತ್ತು ಬ್ಯಾಂಕ್ ಹಾಗೂ ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿ ಮೀರಿ ಸಾಲ ಪಡೆದವಕ್ಕೆ. ಔಟರ್ ರಿಂಗ್ ರೋಡ್‌ನಲ್ಲೋ ವೈಟ್‌ಫೀಲ್ಡ್‌ನಲ್ಲೋ ಇರುವ ಅಮೆರಿಕದ ಕಂಪನಿಯ ಪ್ರೈವೇಟ್ ಲಿಮಿಟೆಡ್ ಅಂಗಸಂಸ್ಥೆಗೆ ಹಣ ಬರುವುದು ತಾಯಿ ಕಂಪನಿಯಿಂದ. ಹೀಗಾಗಿ ಸಾವಿರಾರು ಜನ ಕೆಲಸ ಮಾಡುವ ಇಂಥ ಕಚೇರಿಗಳು ಬಹುಪಾಲು ಈ ಸೆಕ್ಷನ್‌ನಿಂದ ಹೊರಗೇ ಉಳಿಯುತ್ತವೆ. ಅಲ್ಲಿ ಗೋಡೆಗೆ ಅಂಟಿಸಿರುವ ಎಥಿಕ್ಸ್ ಹಾಟ್‌ಲೈನ್ ಪೋಸ್ಟರ್ ಕಂಪನಿಯ ಸ್ವಂತ ನೀತಿ. ಅದು ನಿಮಗೆ ಕಾನೂನು ಕೊಟ್ಟ ಹಕ್ಕಲ್ಲ. ಸೆಬಿ ಕೂಡ ಮಾಹಿತಿದಾರರಿಗೆ 10 ಕೋಟಿ ರೂಪಾಯಿವರೆಗೆ ಬಹುಮಾನ ಕೊಡುತ್ತದೆ, ಆದರೆ ಇನ್‌ಸೈಡರ್ ಟ್ರೇಡಿಂಗ್‌ಗೆ, ಅಂದರೆ ಕಂಪನಿಯ ಒಳಗುಟ್ಟು ತಿಳಿದು ಷೇರು ವ್ಯವಹಾರ ಮಾಡಿದ್ದಕ್ಕೆ, ಮಾತ್ರ.

ಕೆಲಸದಿಂದ ತೆಗೆದರೆ ನಮ್ಮ ಕೋರ್ಟ್‌ನಲ್ಲಿ ಏನು ಸಿಗುತ್ತದೆ? ಮ್ಯಾನೇಜರ್ ದರ್ಜೆಯ ಖಾಸಗಿ ಉದ್ಯೋಗಿಗೆ ಕಾರ್ಮಿಕ ಕಾನೂನಿನ ನೆರವು ಸಾಮಾನ್ಯವಾಗಿ ಸಿಗುವುದಿಲ್ಲ. ಸಿವಿಲ್ ಕೋರ್ಟ್ ಪರಿಹಾರ ಕೊಡಿಸಬಹುದು, ಅದೂ ಬಹಳ ಸಲ ನೋಟಿಸ್ ಅವಧಿಯ ಸಂಬಳದಷ್ಟೇ. ಖಾಸಗಿ ಕಂಪನಿಗೆ 'ಇವರನ್ನು ವಾಪಸ್ ತಗೊಳ್ಳಿ' ಎಂದು ಹೇಳುವುದಿಲ್ಲ. ಜೊತೆಗೆ ನಮ್ಮಲ್ಲಿ ಸೇಡು ತೀರಿಸುವ ರೀತಿಯೇ ಬೇರೆ. ನೇರವಾಗಿ ತೆಗೆಯುವುದು ಕಡಿಮೆ. ಅಪ್ರೈಸಲ್‌ನಲ್ಲಿ ಕೆಳಗಿನ ರೇಟಿಂಗ್ ಕೊಡುತ್ತಾರೆ, ಮೂರು ತಿಂಗಳ ಸುಧಾರಣಾ ಯೋಜನೆಗೆ ಹಾಕುತ್ತಾರೆ, ರಾಜೀನಾಮೆ ಬರೆಸಿಕೊಳ್ಳುತ್ತಾರೆ, ರಿಲೀವಿಂಗ್ ಲೆಟರ್ ತಡೆಹಿಡಿಯುತ್ತಾರೆ. ಮುಂದಿನ ಕಂಪನಿ ಹಿನ್ನೆಲೆ ವಿಚಾರಿಸಿದಾಗ ಒಂದು ಅನುಮಾನದ ಮಾತು ಸಾಕು. ಇದನ್ನು ಸೇಡು ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಅದಕ್ಕೇ ಇಲ್ಲಿಯವರೆಗಿನ ನಿಮ್ಮ ಅಪ್ರೈಸಲ್ ಪತ್ರಗಳು, ಸಂಬಳ ಹೆಚ್ಚಳದ ಪತ್ರಗಳು, ಮೆಚ್ಚುಗೆಯ ಮೇಲ್‌ಗಳು, ನಿಮಗೆ ಸಂಬಂಧಿಸಿದ್ದಷ್ಟನ್ನು ಈಗಲೇ ಒಂದು ಕಡೆ ಇಟ್ಟುಕೊಳ್ಳಿ.

ಆದರೆ ಕಂಪನಿಯ ದಾಖಲೆಗಳನ್ನು ಮುಟ್ಟುವಾಗ ಎಚ್ಚರ. ಇನ್‌ವಾಯ್ಸ್‌ಗಳನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಬೇಡಿ. ಪೆನ್ ಡ್ರೈವ್‌ಗೆ ಹಾಕಬೇಡಿ. ನಿಮಗೆ ಅನುಮತಿ ಇಲ್ಲದ ಫೋಲ್ಡರ್ ತೆರೆಯಬೇಡಿ. ಮಾಲೀಕರ ಒಪ್ಪಿಗೆ ಇಲ್ಲದೆ ದುರುದ್ದೇಶದಿಂದ ಡೇಟಾ ನಕಲು ಮಾಡಿದರೆ ನಮ್ಮ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಅದನ್ನು ನೀವು ಪೊಲೀಸ್ ಠಾಣೆಯಲ್ಲಿ ಕೂತು ವಿವರಿಸಬೇಕಾಗುತ್ತದೆ. ಕಂಪನಿಗಳಿಗೆ ಇದು ಗೊತ್ತು, ಮೊದಲು ಬಳಸುವ ಅಸ್ತ್ರವೂ ಇದೇ. ನೆನಪಿನಿಂದ ಬರೆದುಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಖು, ಬಿಲ್ ನಂಬರ್, ಮೊತ್ತ, ಯಾರು ಏನು ಹೇಳಿದರು, ಯಾವ ಸಿಸ್ಟಮ್‌ನಲ್ಲಿ ಯಾವ ಹೆಸರಿನಲ್ಲಿ ಇದೆ, ಎಲ್ಲ ಬರೆಯಿರಿ. ದಾಖಲೆ ಎಲ್ಲಿದೆ ಎಂದು ಕರಾರುವಾಕ್ಕಾಗಿ ಹೇಳಿದರೆ ಅದನ್ನು ಕಂಪನಿಯಿಂದ ತರಿಸಿಕೊಳ್ಳುವ ಅಧಿಕಾರ ಎಸ್‌ಇಸಿಗೆ ಇದೆ. ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎನ್ನುವುದನ್ನು ವಕೀಲರು ನಿರ್ಧರಿಸಲಿ.

ಯಾವ ವಕೀಲರು? ಹೆಸರು ಹೇಳದೆ ಎಸ್‌ಇಸಿಗೆ ದೂರು ಕೊಟ್ಟು, ಬಹುಮಾನದ ಹಕ್ಕನ್ನೂ ಉಳಿಸಿಕೊಳ್ಳಬೇಕಾದರೆ ವಕೀಲರ ಮೂಲಕವೇ ಕೊಡಬೇಕು ಎನ್ನುವುದು ನಿಯಮ. ಈ ಕೆಲಸ ಬಲ್ಲವರು ಅಮೆರಿಕದ ವಕೀಲರು. ಅವರಲ್ಲಿ ಹಲವರು ಮುಂಗಡ ಫೀ ಕೇಳುವುದಿಲ್ಲ, ಬಹುಮಾನ ಬಂದರೆ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಮೊದಲ ಮಾತುಕತೆಯೂ ಸಾಮಾನ್ಯವಾಗಿ ಉಚಿತ. ಅವರ ಜೊತೆಗೆ ಇಲ್ಲಿನ ಉದ್ಯೋಗ ಕಾನೂನು ಬಲ್ಲ ಒಬ್ಬ ವಕೀಲರೂ ಬೇಕು, ಯಾಕೆಂದರೆ ಅಮೆರಿಕದವರಿಗೆ ನಮ್ಮ ಐಟಿ ಕಾಯ್ದೆ, ನಮ್ಮ ರಿಲೀವಿಂಗ್ ಲೆಟರ್ ರಗಳೆ ಗೊತ್ತಿರುವುದಿಲ್ಲ. ಇಬ್ಬರಿಗೂ ಆಫೀಸ್ ಲ್ಯಾಪ್‌ಟಾಪ್‌ನಿಂದ, ಆಫೀಸ್ ವೈಫೈನಿಂದ ಏನನ್ನೂ ಕಳಿಸಬೇಡಿ. ಎಸ್‌ಇಸಿ ನಿಮ್ಮ ಗುರುತನ್ನು ಗುಟ್ಟಾಗಿಡುತ್ತದೆ. ಕೋರ್ಟ್ ವಿಚಾರಣೆಯಲ್ಲಿ ಅನಿವಾರ್ಯವಾದ ಕೆಲವು ಸಂದರ್ಭ ಬಿಟ್ಟರೆ ಹೊರಗೆ ಬಿಡುವುದಿಲ್ಲ. ಹೆಸರು ಹೆಚ್ಚಾಗಿ ಸೋರುವುದು ನಮ್ಮ ಕಡೆಯಿಂದಲೇ. ಸಹೋದ್ಯೋಗಿಗೆ ಊಟದ ಹೊತ್ತಲ್ಲಿ ಹೇಳಿದ ಮಾತು, ವಾಟ್ಸ್ಯಾಪ್‌ನಲ್ಲಿ ಹಾಕಿದ ಒಂದು ಸಾಲು, ಅಷ್ಟೇ ಸಾಕು.

ಮೊದಲು ಒಳಗೆ ದೂರು ಕೊಡಬೇಕಾ, ನೇರ ಎಸ್‌ಇಸಿಗಾ? ನಿಯಮದಲ್ಲಿ ಒಂದು ಅನುಕೂಲವಿದೆ. ಕಂಪನಿಯ ಅಧಿಕೃತ ವ್ಯವಸ್ಥೆಗೆ ಮೊದಲು ಕೊಟ್ಟು, 120 ದಿನದೊಳಗೆ ಎಸ್‌ಇಸಿಗೂ ಕೊಟ್ಟರೆ, ಒಳಗೆ ಕೊಟ್ಟ ದಿನವೇ ನಿಮ್ಮ ದೂರಿನ ದಿನ ಎಂದು ಲೆಕ್ಕ. ತಾಯಿ ಕಂಪನಿಯ ಆಡಿಟ್ ಸಮಿತಿ ಗಟ್ಟಿಯಾಗಿದ್ದರೆ ಒಳಗಿನ ದಾರಿಯೂ ಕೆಲಸ ಮಾಡುತ್ತದೆ. ಇಲ್ಲಿನ ಆಡಿಟರ್‌ಗಳು ಕೂಡ, ಅವರಿಗೆ 2020ರ ವರದಿ ನಿಯಮಗಳು ಅನ್ವಯಿಸುವ ಕಂಪನಿಯಾದರೆ, ವರ್ಷದಲ್ಲಿ ಬಂದ ವಿಷಲ್‌ಬ್ಲೋವರ್ ದೂರುಗಳನ್ನು ಪರಿಗಣಿಸಿದ್ದೇವೆಯೇ ಎಂದು ಬರೆಯಬೇಕು. ಆದರೆ ನಿಮ್ಮ ಪ್ರಕರಣದಲ್ಲಿ ಮ್ಯಾನೇಜರ್‌ಗೆ ಆಗಲೇ ಗೊತ್ತು. ಹಾಟ್‌ಲೈನ್‌ಗೆ ಹೆಸರಿಲ್ಲದ ದೂರು ಹೋದರೂ ಯಾರು ಕೊಟ್ಟಿದ್ದು ಎಂದು ಅವರಿಗೆ ಊಹೆ ಆಗುತ್ತದೆ. ಹಾಗಾಗಿ ನಾನಾಗಿದ್ದರೆ ಮೊದಲು ಅಮೆರಿಕದ ವಕೀಲರನ್ನು ಕಾಣುತ್ತಿದ್ದೆ, ಎಸ್‌ಇಸಿಗೆ ಅರ್ಜಿ ಸೇರಿಸಿದ ಮೇಲೆ ಒಳಗಿನ ದೂರಿನ ಯೋಚನೆ ಮಾಡುತ್ತಿದ್ದೆ.

ಯುರೋಪಿನ ಕಂಪನಿಗಳಲ್ಲಿರುವ ಓದುಗರಿಗಾಗಿ ಎರಡು ಮಾತು. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದಂತೆ ಅಲ್ಲಿ 50 ಅಥವಾ ಹೆಚ್ಚು ಜನ ಇರುವ ಕಂಪನಿಗಳು ದೂರಿನ ವ್ಯವಸ್ಥೆ ಇಡಬೇಕು, 7 ದಿನದಲ್ಲಿ ಸ್ವೀಕೃತಿ, 3 ತಿಂಗಳಲ್ಲಿ ಉತ್ತರ ಕೊಡಬೇಕು. ಸೇಡಿನ ಆರೋಪ ಬಂದರೆ ತಾನು ಸೇಡು ತೀರಿಸಿಲ್ಲ ಎಂದು ಕಂಪನಿಯೇ ತೋರಿಸಬೇಕು. ಬ್ರಿಟನ್‌ನಲ್ಲಿ 1998ರಿಂದಲೇ ರಕ್ಷಣೆಯ ಕಾಯ್ದೆ ಇದೆ, ಅದರಲ್ಲಿ ಬಹುಮಾನ ಇಲ್ಲ. ಕಾನೂನು ಇದ್ದ ದೇಶದವರ ಪಾಡೂ ಸುಲಭವಾಗಿರಲಿಲ್ಲ. ಬ್ರಿಟಿಷ್ ಸೇನೆಯ ನಿವೃತ್ತ ಅಧಿಕಾರಿ ಇಯಾನ್ ಫಾಕ್ಸ್‌ಲಿ, ಸೌದಿಯಲ್ಲಿ ಏರ್‌ಬಸ್ ಗುಂಪಿನ ಜಿಪಿಟಿ ಎಂಬ ಕಂಪನಿಯಲ್ಲಿದ್ದಾಗ ಕೇಮನ್ ದ್ವೀಪಕ್ಕೆ ಹೋಗುತ್ತಿದ್ದ ಹಣ ಕಂಡು, 2010ರಲ್ಲಿ ದೇಶ ಬಿಟ್ಟು ಓಡಬೇಕಾಯಿತು. ಕಂಪನಿ ಕೋರ್ಟ್‌ನಲ್ಲಿ ತಪ್ಪು ಒಪ್ಪಿಕೊಂಡದ್ದು 2021ರಲ್ಲಿ. ಜೊನಾಥನ್ ಟೇಲರ್ ಎಸ್‌ಬಿಎಂ ಆಫ್‌ಶೋರ್ ಎಂಬ ತೈಲ ಸೇವಾ ಕಂಪನಿಯ ವಕೀಲರಾಗಿದ್ದವರು. ಅವರು ಲಂಚದ ಮಾಹಿತಿ ಹೊರಗೆ ತಂದರು. ಕಂಪನಿ ನೆದರ್‌ಲೆಂಡ್ಸ್‌ಗೆ 24 ಕೋಟಿ, ಅಮೆರಿಕಕ್ಕೆ 23.8 ಕೋಟಿ ಡಾಲರ್ ಕಟ್ಟಿತು. ಇಷ್ಟೆಲ್ಲ ಆದಮೇಲೂ 2020ರ ಜುಲೈನಲ್ಲಿ ಕುಟುಂಬದ ಜೊತೆ ರಜೆಗೆಂದು ಕ್ರೊಯೇಷಿಯಾಕ್ಕೆ ಹೋದಾಗ, ಮೊನಾಕೊ ಕೋರಿಕೆಯ ಇಂಟರ್‌ಪೋಲ್ ನೋಟಿಸ್ ಮೇಲೆ ಅವರನ್ನು ಹಿಡಿದರು. ಸುಮಾರು ಒಂದು ವರ್ಷ ಅವರು ಮನೆಗೆ ಹೋಗಲಾಗಲಿಲ್ಲ. ನಾನು ಇದನ್ನು ಹೇಳುವುದು ಹೆದರಿಸಲು ಅಲ್ಲ. ಗಲ್ಫ್‌ನಲ್ಲಿರುವ ನಮ್ಮವರು, ಯಾರ ವೀಸಾ ಕಂಪನಿಯ ಕೈಯಲ್ಲಿದೆಯೋ ಅವರು, ಆ ದೇಶದಿಂದ ಹೊರಗೆ ಬಂದಮೇಲೆ ದೂರು ಕೊಡಲಿ. ಅಲ್ಲೇ ಕೂತು ಕೊಡುವುದು ಬೇಡ.

ಅಮೆರಿಕದಲ್ಲಿ ಈ ಕಾಯ್ದೆಯೇ ನಿಂತುಹೋಗಿದೆ ಎಂದು ನಿಮಗೆ ಯಾರಾದರೂ ಹೇಳಿರಬಹುದು. 2025ರ ಫೆಬ್ರುವರಿಯಲ್ಲಿ ಅಧ್ಯಕ್ಷ ಟ್ರಂಪ್ ಎಫ್‌ಸಿಪಿಎ ಜಾರಿಯನ್ನು 180 ದಿನ ತಡೆದು, ಪರಿಶೀಲನೆಗೆ ಆದೇಶಿಸಿದ್ದು ನಿಜ. ಜೂನ್‌ನಲ್ಲಿ ನ್ಯಾಯ ಇಲಾಖೆ ಹೊಸ ಮಾರ್ಗಸೂಚಿ ತಂದಿತು. ಮಾದಕ ದ್ರವ್ಯದ ಗುಂಪುಗಳ ನಂಟು, ಅಮೆರಿಕದ ಕಂಪನಿಗಳಿಗೆ ಆದ ನಷ್ಟ, ರಾಷ್ಟ್ರೀಯ ಭದ್ರತೆ ಇಂಥವಕ್ಕೆ ಆದ್ಯತೆ ಎಂದಿತು. ಹಾಗಾಗಿ ಈಗ ಕೊಟ್ಟ ದೂರು ನಿಧಾನವಾಗಬಹುದು. ಆದರೆ ಕಾಯ್ದೆ ರದ್ದಾಗಿಲ್ಲ, ಬಹುಮಾನದ ನಿಯಮವೂ ರದ್ದಾಗಿಲ್ಲ. ಲಂಚದ ಆರೋಪಕ್ಕೆ ಸಾಮಾನ್ಯ ಕಾಲಮಿತಿ 5 ವರ್ಷ, ಅಂದರೆ ಅಲ್ಲಿನ ಅಧ್ಯಕ್ಷರ ಒಂದು ಅವಧಿಗಿಂತ ಜಾಸ್ತಿ. ಮೊದಲು ಮಾಹಿತಿ ಕೊಟ್ಟವರ ಸ್ಥಾನ ಹಾಗೇ ಉಳಿಯುತ್ತದೆ.

ಕೊನೆಯದಾಗಿ, ಕಂಪನಿ ಒಳಗೇ ತನಿಖೆ ಶುರು ಮಾಡಿ ನಿಮ್ಮನ್ನು ಕರೆಯಬಹುದು. ಎದುರಿಗೆ ಕೂರುವ ವಕೀಲರು ತುಂಬಾ ಮರ್ಯಾದೆಯಿಂದ ಮಾತಾಡುತ್ತಾರೆ. ಅವರು ಕಂಪನಿಯ ವಕೀಲರು, ನಿಮ್ಮವರಲ್ಲ. ನೀವು ಹೇಳಿದ್ದನ್ನು ಬಳಸುವ ಹಕ್ಕು ಕಂಪನಿಯದು. ಸುಳ್ಳು ಹೇಳಬೇಡಿ, ಏನನ್ನೂ ಅಳಿಸಬೇಡಿ, ಆದರೆ ನಿಮ್ಮ ವಕೀಲರ ಜೊತೆ ಮಾತಾಡಲು ಸಮಯ ಕೇಳಿ. 'ಈ ವಿಷಯ ಯಾರ ಬಳಿಯೂ ಹೇಳುವುದಿಲ್ಲ' ಎಂಬ ಕಾಗದಕ್ಕೆ ಸಹಿ ಕೇಳಿದರೆ, ಓದಿ, ಒಂದು ಪ್ರತಿ ಕೇಳಿ, ಅಲ್ಲೇ ಸಹಿ ಹಾಕಬೇಡಿ. ಕೆಬಿಆರ್ ಎಂಬ ಕಂಪನಿ ಇಂಥ ವಿಚಾರಣೆಯಲ್ಲಿ, ಲೀಗಲ್ ವಿಭಾಗದ ಅನುಮತಿ ಇಲ್ಲದೆ ಹೊರಗೆ ಮಾತಾಡಿದರೆ ಕೆಲಸ ಹೋಗಬಹುದು ಎಂದು ಬರೆಸಿಕೊಳ್ಳುತ್ತಿತ್ತು. ಯಾರನ್ನೂ ತಡೆದ ಪುರಾವೆ ಇಲ್ಲದಿದ್ದರೂ, ಆ ಸಾಲು ಇದ್ದ ಕಾರಣಕ್ಕೇ 2015ರಲ್ಲಿ ಎಸ್‌ಇಸಿ ಅದರ ಮೇಲೆ 1.3 ಲಕ್ಷ ಡಾಲರ್ ದಂಡ ಹಾಕಿತು. ನಿಮಗೆ ಅಂಥ ಕಾಗದ ಕೊಟ್ಟರೆ ಅದನ್ನೂ ನಿಮ್ಮ ಅಮೆರಿಕದ ವಕೀಲರಿಗೆ ತೋರಿಸಿ.